‘ಬೀಪ್ ಬಂತು, ವೈರ್ ಸರಿಯಾಗಿದೆ’

ಬ್ಯಾಟರಿ ಹೊಸದು, ಡೈನಮೊ ಹೊಸದು, ಸೆಲ್ಫ್ ಮೋಟರ್ ಬಿಚ್ಚಿ ಬುಷ್, ಕಾರ್ಬನ್ ಎಲ್ಲ ಹಾಕಿಸಿದ್ದಾಗಿದೆ. ಆದರೂ ವಾರಕ್ಕೆರಡು ಸಲ ಬೆಳಿಗ್ಗೆ ಕೀ ತಿರುಗಿಸಿದರೆ ‘ಟಕ್’ ಎಂಬ ಒಂದು ಸದ್ದು ಬಿಟ್ಟು ಬೇರೇನೂ ಇಲ್ಲ. ಮಿಕ್ಕ ಐದು ದಿನ ಕಾರು ಏನೂ ನಡೆದೇ ಇಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಗ್ಯಾರೇಜಿಗೆ ತಂದ ದಿನವಂತೂ ಇನ್ನೂ ಚೆನ್ನಾಗಿ. ಹೀಗೆ ಇಪ್ಪತ್ತು ಸಾವಿರ ಸುರಿದ ಮೇಲೆ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಬರುವವರನ್ನು ‘ವೈರಿಂಗ್ ನೋಡಿಸಿದಿರಾ?’ ಎಂದು ಕೇಳಿದರೆ ಉತ್ತರ ಹೆಚ್ಚುಕಡಿಮೆ ಒಂದೇ: ‘ನೋಡಿದ್ರು ಸಾರ್, ಮೀಟರ್ ಇಟ್ಟು ಚೆಕ್ ಮಾಡಿದ್ರು. ಬೀಪ್ ಬಂತು.’

ಈ ಬೀಪ್ ಹಾಳು ಮಾಡಿದಷ್ಟು ದುಡ್ಡನ್ನು ಇಲಿಗಳೂ ಹಾಳು ಮಾಡಿರಲಾರವು.

ಮಲ್ಟಿಮೀಟರಿನ ಬೀಪ್ ಹೇಳುವುದು ಇಷ್ಟೇ: ಈ ತುದಿಯಿಂದ ಆ ತುದಿಗೆ ಒಂದಿಷ್ಟು ಕರೆಂಟ್ ದಾಟಲು ಎಲ್ಲೋ ದಾರಿಯಿದೆ. ಮೀಟರ್ ಅದಕ್ಕಾಗಿ ಕಳಿಸುವುದು ಸುಮಾರು ಒಂದು ಮಿಲಿಆಂಪ್, ಅಥವಾ ಅದಕ್ಕೂ ಕಡಿಮೆ. ಬಹುಪಾಲು ಮೀಟರುಗಳು 30–50 ಓಮ್‌ಗಿಂತ ಕಡಿಮೆ ರೆಸಿಸ್ಟೆನ್ಸ್ (ಕರೆಂಟಿಗೆ ಅಡ್ಡಿ) ಇದ್ದರೆ ಸಾಕು, ಖುಷಿಯಾಗಿ ಕೂಗುತ್ತವೆ. ನಿಮ್ಮ ಪೆಟ್ರೋಲ್ ಪಂಪ್ ಎಳೆಯುವುದು 5 ಆಂಪ್‌ನ ಆಸುಪಾಸು, ಅಂದರೆ ಮೀಟರ್ ಕಳಿಸಿದ್ದರ ಐದು ಸಾವಿರ ಪಟ್ಟು. ಮಲೆನಾಡಿನಲ್ಲಿ ಹಳ್ಳಕ್ಕೆ ಹಾಕಿದ ಅಡಕೆ ಮರದ ಸಂಕವನ್ನು ಬೆಕ್ಕು ದಾಟಿತು ಎಂದು ಗೊಬ್ಬರದ ಮೂಟೆ ಹೊತ್ತವನು ಧೈರ್ಯವಾಗಿ ಕಾಲಿಡುವುದಿಲ್ಲ. ಕಾರಿನ ವಿಷಯದಲ್ಲಿ ಮಾತ್ರ ನಾವು ಬೆಕ್ಕಿನ ಮಾತು ನಂಬುತ್ತೇವೆ.

ಲೆಕ್ಕ ಸಣ್ಣದು. ಪಂಪಿನ ದಾರಿಯಲ್ಲಿ ಒಂದು ಕಪ್ಲರಿನ (ವೈರುಗಳನ್ನು ಜೋಡಿಸುವ ಪ್ಲಗ್ಗಿನ) ಪಿನ್ನಿಗೆ ಕಿಲುಬು ಹಿಡಿದು ಅರ್ಧ ಓಮ್ ರೆಸಿಸ್ಟೆನ್ಸ್ ಹುಟ್ಟಿದೆ ಅನ್ನಿ. 5 ಆಂಪ್ ಹರಿದರೆ ಅಲ್ಲಿ 2.5 ವೋಲ್ಟ್ ಸೋರಿಹೋಯಿತು. ಪಂಪ್ ಸೊರಗುತ್ತದೆ, ಘಾಟಿ ಹತ್ತುವಾಗ ಎಂಜಿನ್ ಮುಗ್ಗರಿಸುತ್ತದೆ, ಫಿಲ್ಟರ್ ಬದಲಾಗುತ್ತದೆ, ಪಂಪ್ ಬದಲಾಗುತ್ತದೆ. ಓಮ್ ರೇಂಜಿನಲ್ಲಿ ಆ ಅರ್ಧ ಓಮ್ ಕಾಣಿಸುವುದಿಲ್ಲವೇ ಎಂದರೆ, ಅಗ್ಗದ ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ನೋಡಿ: ಏನೂ ಇಲ್ಲದೆಯೇ 0.2ರಿಂದ 0.5 ತೋರಿಸುತ್ತದೆ. ಸೆಲ್ಫ್ ಮೋಟರಿನ ಕಥೆ ಇನ್ನೂ ಸೂಕ್ಷ್ಮ. ಸಣ್ಣ ಪೆಟ್ರೋಲ್ ಕಾರಿನಲ್ಲೂ ಅದು 100–200 ಆಂಪ್ ಎಳೆಯುತ್ತದೆ. 150 ಆಂಪ್ ಹರಿಯುವ ದಾರಿಯಲ್ಲಿ 0.02 ಓಮ್ ಇದ್ದರೂ 3 ವೋಲ್ಟ್ ಹೋಯಿತು. 0.02 ಓಮ್ ಅಳೆಯುವ ಮೀಟರ್ ಸಾಮಾನ್ಯ ಗ್ಯಾರೇಜಿನಲ್ಲಿ ಇರುವುದಿಲ್ಲ, ಬೇಕಾಗಿಯೂ ಇಲ್ಲ.

‘ಹೋಗಲಿ, ವೋಲ್ಟೇಜ್ ನೋಡಿದ್ವಿ, 12.6 ಬಂತು’ ಎನ್ನುವವರೂ ಇದ್ದಾರೆ. ಕಪ್ಲರ್ ಬಿಚ್ಚಿಟ್ಟು ನೋಡಿದರೆ 12.6 ಬರಲೇಬೇಕು. ಡಿಜಿಟಲ್ ಮೀಟರಿನ ಒಳಗಿನ ರೆಸಿಸ್ಟೆನ್ಸ್ ಸಾಮಾನ್ಯವಾಗಿ 10 ಮೆಗಾಓಮ್. ಅದರ ಮೂಲಕ ಹರಿಯುವ ಕರೆಂಟ್ ಒಂದು ಮೈಕ್ರೋಆಂಪ್ ಚಿಲ್ಲರೆ. ಕೊಳೆತ ವೈರೂ ಅಷ್ಟನ್ನು ಸಲೀಸಾಗಿ ದಾಟಿಸುತ್ತದೆ. 0.5 ಚದರ ಮಿಲಿಮೀಟರಿನ ವೈರಿನಲ್ಲಿ ಸಾಧಾರಣವಾಗಿ 0.2 ಮಿ.ಮೀ. ದಪ್ಪದ 16 ಎಳೆ ಇರುತ್ತವೆ. ಹದಿನೈದು ತುಂಡಾಗಿ ಒಂದೇ ಉಳಿದರೂ ಬೀಪ್ ಬರುತ್ತದೆ, 12.6 ಕೂಡ ಬರುತ್ತದೆ. ಬಾಗಿಲಿನೊಳಕ್ಕೆ ಹೋಗುವ ವೈರಾದರೆ, ಬಾಗಿಲು ತೆಗೆದಾಗ ಆ ಒಂದು ಎಳೆಯೂ ಅಗಲುತ್ತದೆ, ಹಾಕಿದಾಗ ಮತ್ತೆ ಕೂಡುತ್ತದೆ.

ಹಾಗಾದರೆ ನೋಡಬೇಕಾದ್ದು ಹೇಗೆ? ಲೋಡ್, ಅಂದರೆ ಕರೆಂಟ್ ಎಳೆಯುವ ಬಲ್ಬೋ ಪಂಪೋ, ಕೆಲಸ ಮಾಡುತ್ತಿರುವಾಗಲೇ, ಏನನ್ನೂ ಬಿಚ್ಚದೆ, ದಾರಿಯಲ್ಲಿ ಎಷ್ಟು ವೋಲ್ಟ್ ಸೋರುತ್ತಿದೆ ಎಂದು ಅಳೆಯಬೇಕು. ಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಕೆಂಪು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬಕ್ಕೆ, ಕಪ್ಪು ಕಡ್ಡಿ ಬಲ್ಬಿನ ಅಥವಾ ಪಂಪಿನ ಪ್ಲಸ್ ಪಿನ್ನಿಗೆ, ಕಪ್ಲರಿನ ಹಿಂಬದಿಯಿಂದ ತೆಳ್ಳಗಿನ ಗುಂಡುಪಿನ್ನು ತೂರಿಸಿ. ಈಗ ಲೋಡ್ ಆನ್ ಮಾಡಿ. ಮೀಟರ್ ತೋರಿಸಿದ್ದು ಪ್ಲಸ್ ದಾರಿಯ ಸೋರಿಕೆ. ಆಮೇಲೆ ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಕೆಂಪು ಕಡ್ಡಿ ಅದೇ ಬಲ್ಬಿನ ಅರ್ಥ್ ಪಿನ್ನಿಗೆ: ಅದು ಅರ್ಥ್ ದಾರಿಯದು, ಅಂದರೆ ಕರೆಂಟ್ ಬ್ಯಾಟರಿಗೆ ಮರಳುವ ದಾರಿಯದು. ಲೈಟು, ಪಂಪು, ಫ್ಯಾನುಗಳ ಪ್ಲಸ್ ದಾರಿ ಪೂರ್ತಿಗೆ ಅರ್ಧ ವೋಲ್ಟ್, ಅರ್ಥ್ ದಾರಿಗೆ 0.1–0.2 ವೋಲ್ಟ್ ದಾಟಬಾರದು ಎಂಬುದು ವಾಡಿಕೆಯ ಲೆಕ್ಕ. ಸೆನ್ಸರುಗಳ ಅರ್ಥ್ ಆದರೆ 0.05ರೊಳಗಿರಬೇಕು. ನಿಮ್ಮ ಮಾಡೆಲಿನ ಕೈಪಿಡಿ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ. ಹೆಚ್ಚು ಬಂದರೆ ದಾರಿಯನ್ನು ಅರ್ಧಕ್ಕೆ ಭಾಗಿಸಿ ಮತ್ತೆ ಅಳೆಯಿರಿ, ಮತ್ತೆ ಅರ್ಧ. ಮೂರು ನಾಲ್ಕು ಅಳತೆಗಳಲ್ಲಿ ಕಳ್ಳ ಎರಡು ಕಪ್ಲರುಗಳ ನಡುವೆ ಸಿಕ್ಕಿಬೀಳುತ್ತಾನೆ. ಲೋಡ್ ಆನ್ ಇರಲೇಬೇಕು ಎನ್ನುವುದನ್ನು ಎರಡು ಸಲ ಹೇಳಿದರೂ ತಪ್ಪಿಲ್ಲ: ಕರೆಂಟೇ ಹರಿಯದಿದ್ದರೆ ಸೋರಿಕೆ ಸೊನ್ನೆ, ಕೊಳೆತ ವೈರಿನಲ್ಲೂ ಸೊನ್ನೆಯೇ.

‘ಟಕ್’ ಎನ್ನುವ ಕಾರಿಗೂ ಇದೇ ಮದ್ದು. ಪಂಪಿನ ಫ್ಯೂಸ್ ತೆಗೆದಿಟ್ಟರೆ ಎಂಜಿನ್ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಒಬ್ಬರು ಕೀ ತಿರುಗಿಸಲಿ, ಒಮ್ಮೆಗೆ ಐದಾರು ಸೆಕೆಂಡಿಗಿಂತ ಹೆಚ್ಚು ಬೇಡ. ಮೊದಲ ಅಳತೆ ಬ್ಯಾಟರಿಯ ಸೀಸದ ಕಂಬ ಮತ್ತು ಅದನ್ನು ಕಚ್ಚಿ ಹಿಡಿದ ಟರ್ಮಿನಲ್ ಕ್ಲಾಂಪಿನ ನಡುವೆ. ಒಂದು ಕಡ್ಡಿ ಕಂಬಕ್ಕೇ ತಾಗಬೇಕು, ಕ್ಲಾಂಪಿಗಲ್ಲ. ಅಲ್ಲಿ ಸೊನ್ನೆಯ ಹತ್ತಿರ ಇರಬೇಕಾದ್ದು 0.1 ವೋಲ್ಟ್ ದಾಟಿದರೆ ಬಿಳಿ ಪುಡಿಯೋ ಸಡಿಲ ಕ್ಲಾಂಪೋ ಸಿಕ್ಕಿತು ಎಂದೇ ಲೆಕ್ಕ. ಹೊಸ ಬ್ಯಾಟರಿ ತಂದವರು ಅದೇ ಹಳೆಯ ಕ್ಲಾಂಪನ್ನು ಹಾಗೇ ಕೂರಿಸಿದ್ದಾರೆ. ಎರಡನೆಯದು ಬ್ಯಾಟರಿ ಮೈನಸ್‌ನಿಂದ ಎಂಜಿನ್ ಬ್ಲಾಕಿಗೆ, 0.3ರೊಳಗೆ. ಮೂರನೆಯದು ಪ್ಲಸ್‌ನಿಂದ ಸೆಲ್ಫ್ ಮೋಟರಿನ ದೊಡ್ಡ ನಟ್ಟಿಗೆ, 0.5ರೊಳಗೆ. ಎಂಜಿನ್ನಿನ ಅರ್ಥ್ ಪಟ್ಟಿ ಸರಿಯಿಲ್ಲದ ಹಳೆಯ ಕಾರುಗಳಲ್ಲಿ ಸ್ಟಾರ್ಟ್ ಮಾಡುವಾಗ ಆಕ್ಸಿಲರೇಟರ್ ಕೇಬಲ್ ಅಥವಾ ಕ್ಲಚ್ ಕೇಬಲ್ ಬಿಸಿಯಾಗುವುದುಂಟು: ಪಟ್ಟಿಯಲ್ಲಿ ದಾರಿ ಸಿಗದ ಕರೆಂಟ್ ಕೇಬಲಿನ ಮೂಲಕ ಬಾಡಿಗೆ ಹೋಗುತ್ತದೆ. ಕೇಬಲ್ ಬದಲಾಯಿಸಿ ಕಳಿಸಿದರೆ ಹೊಸ ಕೇಬಲೂ ಸುಡುತ್ತದೆ.

ಅರ್ಥಿನ ಇನ್ನೊಂದು ಆಟ ಹಿಂದಿನ ಲೈಟಿನದು. ಬ್ರೇಕ್ ಒತ್ತಿದರೆ ಪಾರ್ಕಿಂಗ್ ಲೈಟ್ ಮಂಕಾಗಿ ಹೊತ್ತುತ್ತದೆ, ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟೂ ಜೊತೆಗೆ ಮಿಣುಕುತ್ತದೆ. ಭೂತ ಹೊಕ್ಕಿದೆ ಎಂದು ಬಲ್ಬು, ಫ್ಲ್ಯಾಷರ್, ಬ್ರೇಕ್ ಸ್ವಿಚ್ ಮೂರೂ ಬದಲಾಗಿರುತ್ತವೆ. ಅಲ್ಲಿ ಇರುವುದು 21/5 ವ್ಯಾಟಿನ ಎರಡು ಫಿಲಮೆಂಟಿನ ಬಲ್ಬು, ಎರಡಕ್ಕೂ ಅರ್ಥ್ ಒಂದೇ. ಆ ಅರ್ಥ್ ಹೋದರೆ 21 ವ್ಯಾಟಿನ ಕರೆಂಟ್ ಹೊರಹೋಗುವ ದಾರಿ ಹುಡುಕುತ್ತ 5 ವ್ಯಾಟಿನ ಫಿಲಮೆಂಟಿನ ಮೂಲಕ ಪಾರ್ಕಿಂಗ್ ಲೈನಿಗೆ ಹಿಮ್ಮುಖವಾಗಿ ನುಗ್ಗಿ, ಬೇರೆ ಬಲ್ಬುಗಳ ಅರ್ಥ್ ಸೇರುತ್ತದೆ. ಲೈಟಿನ ಅರ್ಥ್ ಪಿನ್ನಿನಿಂದ ಬಾಡಿಯ ಬರಿಯ ಲೋಹಕ್ಕೆ ಒಂದು ವೈರ್ ಮುಟ್ಟಿಸಿ. ಎಲ್ಲ ಸರಿಹೋದರೆ ಹುಡುಕಾಟ ಮುಗಿಯಿತು. ಎಲ್‌ಇಡಿ ಲೈಟುಗಳಲ್ಲಿ ಲಕ್ಷಣ ಬೇರೆ ಥರ ಇರಬಹುದು.

ಈಗ ನಿಜವಾದ ತಲೆನೋವು: ಅಳೆಯುವ ಹೊತ್ತಿಗೆ ದೋಷವೇ ಇಲ್ಲದಿದ್ದರೆ? ಆಗ ಅದನ್ನು ಬರಿಸಬೇಕು. ಲೋಡ್ ಆನ್ ಇಟ್ಟು ಹಾರ್ನೆಸನ್ನು (ವೈರುಗಳ ಕಟ್ಟನ್ನು) ಒಂದೊಂದು ಗೇಣಿನಂತೆ ಅಲ್ಲಾಡಿಸಿ, ಮಡಚಿ, ಕಪ್ಲರುಗಳನ್ನು ಎಳೆದು ನೋಡುವುದು ಮೊದಲ ಹೆಜ್ಜೆ. ಅಗ್ಗದ ಮೀಟರಿನ ಅಂಕಿ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಬದಲಾಗುವುದರಿಂದ ಕ್ಷಣಮಾತ್ರದ ಕಡಿತ ಅದಕ್ಕೆ ಕಾಣಿಸದೆ ಹೋಗಬಹುದು. ಕನಿಷ್ಠ, ಗರಿಷ್ಠ ಅಂಕಿ ಹಿಡಿದಿಡುವ ಮಿನ್-ಮ್ಯಾಕ್ಸ್ ಇರುವ ಮೀಟರ್ ವಾಸಿ. ಲೈಟು, ಪಂಪುಗಳ ಸರ್ಕ್ಯೂಟಿಗೆ 21 ವ್ಯಾಟಿನ ಇಂಡಿಕೇಟರ್ ಬಲ್ಬಿನ ಟೆಸ್ಟ್ ಲ್ಯಾಂಪ್ ಇನ್ನೂ ವಾಸಿ. ಅದು ಸುಮಾರು ಒಂದೂಮುಕ್ಕಾಲು ಆಂಪ್ ಎಳೆಯುತ್ತದೆ, ಕಣ್ಣಿಗೆ ಮಿಣುಕು ತಕ್ಷಣ ಗೊತ್ತಾಗುತ್ತದೆ. ಉದ್ದ ವೈರ್ ಹಾಕಿ ಡ್ಯಾಶ್‌ಬೋರ್ಡಿನ ಮೇಲಿಟ್ಟು ಗುಂಡಿ ಬಿದ್ದ ರಸ್ತೆಯಲ್ಲಿ ಒಂದು ಸುತ್ತು ಹೋಗಿ, ಪಕ್ಕದ ಸೀಟಿನವರು ನೋಡುತ್ತಿರಲಿ. ಇಸಿಯು (ಎಂಜಿನ್ನಿನ ಕಂಪ್ಯೂಟರ್), ಸೆನ್ಸರ್ ವೈರುಗಳಿಗೆ ಮಾತ್ರ ಈ ಬಲ್ಬ್ ಬೇಡ, ಅಷ್ಟು ಕರೆಂಟಿಗೆ ಅವು ಸುಟ್ಟುಹೋಗಬಹುದು. ಏರ್‌ಬ್ಯಾಗಿನ ಹಳದಿ ಕಪ್ಲರುಗಳಿಗೆ ಬಲ್ಬೂ ಬೇಡ, ಮೀಟರೂ ಬೇಡ. ಅದು ತರಬೇತಾದವರ ಕೆಲಸ.

ಬಿಸಿಯಾದಾಗ ಬರುವ ದೋಷಕ್ಕೆ ಹೇರ್ ಡ್ರೈಯರ್, ಮಳೆಯಲ್ಲಿ ಬರುವುದಕ್ಕೆ ಗಿಡಗಳಿಗೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿ. ಪ್ರೆಷರ್ ವಾಷರ್ ಖಂಡಿತ ಅಲ್ಲ, ಅದು ಇಲ್ಲದ ದೋಷವನ್ನೂ ತರುತ್ತದೆ. ಬಿಸಿಯಾದ ಮೇಲೆ ನಿಂತು, ಅರ್ಧ ಗಂಟೆ ಬಿಟ್ಟರೆ ಸ್ಟಾರ್ಟ್ ಆಗುವ ಕಾರಿನಲ್ಲಿ ಎಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ನಿಜಕ್ಕೂ ಹೋಗಿರಬಹುದು, ಅಲ್ಲಗಳೆಯುವುದಿಲ್ಲ. ಆದರೆ ನಿಂತಾಗಲೇ ಸ್ಕ್ಯಾನರ್ ಹಾಕಿ ಸೆಲ್ಫ್ ಹೊಡೆದು ನೋಡಿ: ಆರ್‌ಪಿಎಂ ಸೊನ್ನೆ ಇದ್ದರೆ ಸಿಗ್ನಲ್ ಬರುತ್ತಿಲ್ಲ ಎಂದು ಮಾತ್ರ ಅರ್ಥ. ಸೆನ್ಸರೋ ವೈರೋ ಎಂದು ಅದು ಹೇಳುವುದಿಲ್ಲ. ಈ ಸೆನ್ಸರಿಗೆ ಸ್ಕ್ಯಾನರ್ ತೋರಿಸುವ ‘ಪಿ0335’ ಎಂಬ ದೋಷದ ಕೋಡಿನ ಹೆಸರಿನಲ್ಲೂ ‘ಸರ್ಕ್ಯೂಟ್’ ಎಂದೇ ಇದೆ.

ಹುಡುಕುವ ಜಾಗಗಳೂ ಲೆಕ್ಕವಿಲ್ಲದಷ್ಟೇನೂ ಇಲ್ಲ. ವೈರ್ ಮಡಚುವ ಕಡೆ, ನೀರು ನಿಲ್ಲುವ ಕಡೆ, ಲೋಹಕ್ಕೆ ಉಜ್ಜುವ ಕಡೆ, ಮತ್ತು ಈಗಾಗಲೇ ಯಾರೋ ಕೈಯಾಡಿಸಿದ ಕಡೆ. ಬಾಗಿಲಿನ ಮತ್ತು ಡಿಕ್ಕಿಯ ಹಿಂಜಿನ ಬಳಿಯ ರಬ್ಬರ್ ಕೊಳವೆ ಮೊದಲು. ಎಬಿಎಸ್ ಲೈಟ್ ತಿರುವಿನಲ್ಲಿ ಹೊತ್ತಿದರೆ ಚಕ್ರದ ಹಬ್‌ಗೆ ಹೋಗುವ ಸೆನ್ಸರ್ ವೈರ್. ಕರಾವಳಿಯ ಕಾರಾದರೆ ಅರ್ಥ್ ಬೋಲ್ಟುಗಳು. ಎಸಿ ನೀರಿನ ಪೈಪ್ ಕಟ್ಟಿಕೊಂಡು ಕಾರ್ಪೆಟ್ ಒದ್ದೆಯಾಗಿದ್ದರೆ ಅದರಡಿಯ ಜೋಡಣೆಗಳು. ತಾಮ್ರದ ಎಳೆಗಳ ನಡುವೆ ನೀರು ಬತ್ತಿಯಲ್ಲಿ ಎಣ್ಣೆ ಏರಿದಂತೆ ಏರುತ್ತದೆ, ಕಿಲುಬು ಇನ್ಸುಲೇಷನ್ನಿನೊಳಗೆ ಗೇಣುದ್ದ ಹಬ್ಬಿರುತ್ತದೆ. ಬೇಸ್‌ಮೆಂಟ್ ಪಾರ್ಕಿಂಗಿನ ಕಾರಾದರೆ ಇಲಿ. ಆದರೆ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ‘ಸ್ಟೀರಿಯೊ, ಫಾಗ್ ಲ್ಯಾಂಪ್, ರಿವರ್ಸ್ ಕ್ಯಾಮೆರಾ, ಜಿಪಿಎಸ್ ಏನಾದರೂ ಹೊರಗೆ ಹಾಕಿಸಿದ್ದೀರಾ?’ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೇ ಆಗಲಿ, ನಿಮ್ಮೂರ ಬಸ್‌ಸ್ಟ್ಯಾಂಡ್ ಪಕ್ಕದಲ್ಲೇ ಆಗಲಿ, ಅರ್ಧ ಗಂಟೆಯಲ್ಲಿ ಮುಗಿಸಿದ ಕೆಲಸದಲ್ಲಿ ವೈರ್ ಸಿಪ್ಪೆ ಸುಲಿದು, ಸುತ್ತಿ, ಟೇಪ್ ಅಂಟಿಸಿರುವ ಸಾಧ್ಯತೆ ಹೆಚ್ಚು. ಬೇಸಿಗೆಯಲ್ಲಿ ಟೇಪಿನ ಗೋಂದು ಕರಗಿ ಜಾರುತ್ತದೆ.

ಹೊಸ ಕಾರುಗಳಲ್ಲಿ ಒಮ್ಮೆಲೇ ಏಳೆಂಟು ಲೈಟ್ ಹೊತ್ತಿ, ಯು0100 ಥರದ ‘ಯು’ ಕೋಡುಗಳು ಸಾಲಾಗಿ ಬಂದರೆ ಏಳೆಂಟು ಪಾರ್ಟ್ ಕೆಟ್ಟಿವೆ ಎಂದಲ್ಲ. ಕಾರಿನ ಮಾಡ್ಯೂಲುಗಳು (ಸಣ್ಣ ಕಂಪ್ಯೂಟರುಗಳು) ತಮ್ಮತಮ್ಮಲ್ಲಿ ಮಾತಾಡುವ ಕ್ಯಾನ್ ಲೈನಿನಲ್ಲೋ, ಯಾವುದೋ ಒಂದು ಮಾಡ್ಯೂಲಿನ ಸಪ್ಲೈಯಲ್ಲೋ ಏಟು ಬಿದ್ದಿದೆ. ಬ್ಯಾಟರಿ ಬಿಚ್ಚಿಟ್ಟು ಒಬಿಡಿ ಸಾಕೆಟ್ಟಿನ (ಸ್ಕ್ಯಾನರ್ ಸಿಕ್ಕಿಸುವ ಜಾಗದ) 6 ಮತ್ತು 14ನೇ ಪಿನ್ನುಗಳ ನಡುವೆ ಅಳೆದರೆ ಸುಮಾರು 60 ಓಮ್ ಬರಬೇಕು. 120 ಬಂದರೆ ಒಂದು ತುದಿ ಕಳಚಿದೆ, ಸೊನ್ನೆಯ ಹತ್ತಿರವಾದರೆ ಲೈನಿನ ಎರಡೂ ವೈರುಗಳು ಕೂಡಿಕೊಂಡಿವೆ. ಸಾಕೆಟ್ಟಿಗೂ ಒಳಗಿನ ಲೈನಿಗೂ ನಡುವೆ ಗೇಟ್‌ವೇ ಮಾಡ್ಯೂಲ್ ಇರುವ ಕಾರುಗಳಲ್ಲಿ ಈ ಅಳತೆ ಒಳಗಿನ ಕಥೆ ಹೇಳದೇ ಇರಬಹುದು. ದಯವಿಟ್ಟು ಅಳತೆಗೂ ಮೊದಲು ಕೋಡುಗಳನ್ನೂ ಫ್ರೀಜ್ ಫ್ರೇಮನ್ನೂ (ದೋಷ ಬಂದ ಕ್ಷಣದ ದಾಖಲೆಯನ್ನು) ಫೋಟೊ ತೆಗೆದುಕೊಳ್ಳಿ. ‘ಒಂದ್ಸಲ ಬ್ಯಾಟರಿ ಬಿಚ್ಚಿ ಹಾಕಿದೆ ಸಾರ್, ಲೈಟ್ ಹೋಯ್ತು’ ಎನ್ನುವಾಗ ಎಷ್ಟೋ ಕಾರುಗಳಲ್ಲಿ ಇದ್ದ ಒಂದು ಸಾಕ್ಷಿಯೂ ಹೋಗಿರುತ್ತದೆ.

ಪರೀಕ್ಷೆ ಮಾಡುವವರೇ ದೋಷ ಹುಟ್ಟುಹಾಕುವುದೂ ಇದೆ. ಮೀಟರಿನ ದಪ್ಪ ಕಡ್ಡಿಯನ್ನು ಕಪ್ಲರಿನ ಹೆಣ್ಣು ಪಿನ್ನಿಗೆ ಮುಂದಿನಿಂದ ತುರುಕಿದರೆ ಅದು ಅಗಲವಾಗಿ ಹೊಸ ಲೂಸ್ ಕಾಂಟ್ಯಾಕ್ಟ್ ಆಗುತ್ತದೆ. ವೈರಿನ ಸಿಪ್ಪೆಗೆ ಸೂಜಿ ಚುಚ್ಚಿದರೆ ಮುಂದಿನ ಮಳೆಗಾಲಕ್ಕೆ ಅಲ್ಲೇ ಕಿಲುಬು. ಪಿನ್ನಿನ ಹಿಡಿತ ನೋಡಲು ಅದೇ ಅಳತೆಯ ಒಂದು ಬಿಡಿ ಗಂಡು ಪಿನ್ನು ತೂರಿಸಿ ಎಳೆಯಿರಿ. ಬಿಗಿ ಕೈಗೆ ಗೊತ್ತಾಗುತ್ತದೆ.

ರಿಪೇರಿ ಎಂದರೆ, ಹಿಂಜಿನ ಬಳಿ ತುಂಡಾದ ವೈರಿಗೆ ಅಲ್ಲೇ ಗಂಟು ಹಾಕುವುದಲ್ಲ. ಬೆಸುಗೆ ಹಾಕಿದ ವೈರ್ ಗಟ್ಟಿಯಾಗಿ, ಬೆಸುಗೆ ಮುಗಿಯುವ ಅಂಚಿನಲ್ಲೇ ಮತ್ತೆ ಮುರಿಯುತ್ತದೆ. ರಬ್ಬರ್ ಕೊಳವೆಯ ಎರಡೂ ಕಡೆಯಿಂದ ಹೊರಗೆ ಬರುವಷ್ಟು, ಒಂದಡಿಯಷ್ಟು ಹೊಸ ವೈರನ್ನು ಅದೇ ದಪ್ಪದಲ್ಲಿ ಸೇರಿಸಿ, ಜೋಡಣೆಗಳನ್ನು ಮಡಚದ ಜಾಗದಲ್ಲಿ ಕ್ರಿಂಪ್ ಮಾಡಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಬೇಕು. ಪಕ್ಕಪಕ್ಕದ ವೈರುಗಳ ಜೋಡಣೆ ಒಂದೇ ಸಾಲಿನಲ್ಲಿ ಬಾರದಂತೆ ಮೂರು ನಾಲ್ಕು ಸೆಂಟಿಮೀಟರ್ ಹಿಂದೆ ಮುಂದೆ ಇರಲಿ, ಇಲ್ಲದಿದ್ದರೆ ಗಂಟು ಊದಿಕೊಂಡು ಕೊಳವೆಯೊಳಗೆ ಹೋಗುವುದಿಲ್ಲ. ಅರ್ಥ್ ಬೋಲ್ಟಿನಡಿಯ ಬಣ್ಣ, ತುಕ್ಕು ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಸವರಿ. ಪದೇಪದೇ ಹೋಗುವ 10 ಆಂಪ್‌ನ ಕೆಂಪು ಫ್ಯೂಸಿನ ಜಾಗಕ್ಕೆ 30ರ ಹಸಿರು ಫ್ಯೂಸ್ ಹಾಕಿಕೊಂಡವರು ಇದನ್ನು ಓದುತ್ತಿದ್ದರೆ, ಮೊದಲು ಹೋಗಿ ಅದನ್ನು ತೆಗೆಯಿರಿ. ಮುಂದಿನ ಸಲ ಕರಗುವುದು ವೈರು.

ಗ್ಯಾರೇಜಿಗೆ ಬರುವಾಗ ‘ಆಗಾಗ ಹೀಗಾಗುತ್ತೆ’ ಎನ್ನುವ ಬದಲು ಒಂದು ಚೀಟಿ ತನ್ನಿ: ದೋಷ ಬಂದ ದಿನ, ಹೊತ್ತು, ಎಂಜಿನ್ ತಣ್ಣಗಿತ್ತೋ ಬಿಸಿಯೋ, ಮಳೆಯಿತ್ತೋ, ಗುಂಡಿ ಹಾರಿತೋ, ಆಗ ಯಾವ ಯಾವ ಸ್ವಿಚ್ ಆನ್ ಇತ್ತು. ಕಾರನ್ನು ಎರಡು ದಿನ ಬಿಟ್ಟುಹೋಗುವ ತಯಾರಿಯೂ ಇರಲಿ, ಹುಡುಕಾಟಕ್ಕೆ ಹಿಡಿಯುವ ಹೊತ್ತಿಗೆ ಕೂಲಿ ಕೇಳಿದರೆ ಬೇಜಾರಾಗಬೇಡಿ. ಕೊನೆಗೆ ಬಿಲ್ಲಿನ ಹಿಂದೆ ಎರಡು ಅಂಕಿ ಬರೆಸಿಕೊಳ್ಳಿ: ರಿಪೇರಿಗೆ ಮುಂಚೆ ಅರ್ಥ್ ಸೋರಿಕೆ ಎಷ್ಟಿತ್ತು, ಆಮೇಲೆ ಎಷ್ಟಾಯಿತು. 1.4 ಇದ್ದದ್ದು 0.08ಕ್ಕೆ ಇಳಿದಿದ್ದರೆ ಕೆಲಸ ಆಗಿದೆ. ಅಂಕಿ ಬರೆಯಲು ತಡವರಿಸಿ ‘ಬೀಪ್ ಬರ್ತಿದೆ ಸಾರ್’ ಎಂದರೆ, ಚೀಟಿಯನ್ನು ಜೇಬಿನಲ್ಲೇ ಇಟ್ಟುಕೊಂಡಿರಿ.