ನಾಲ್ಕು ಚೀಟಿ, ನಾಲ್ಕು ಕಾಯಿಲೆ: ಬಾರ್ಡರ್‌ಲೈನ್ ಗೊಂದಲ ಬೆಳೆದು ಬಂದ ದಾರಿ

ದಾವಣಗೆರೆಯ ಸೈಕಿಯಾಟ್ರಿ ಓಪಿಡಿಗಳಿಗೆ ಜಗಳೂರು, ಚನ್ನಗಿರಿ, ಹೊಸದುರ್ಗದ ಕಡೆಯಿಂದ ಬರುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಅದರ ತುಂಬ ಹಳೇ ಚೀಟಿಗಳು. ಒಂದರಲ್ಲಿ ಡಿಪ್ರೆಶನ್ ಅಂತ ಇರುತ್ತದೆ. ಇನ್ನೊಂದರಲ್ಲಿ ಬೈಪೋಲಾರ್, ಮತ್ತೊಂದರಲ್ಲಿ ಪ್ಯಾನಿಕ್. ಕೊನೆಯ ಚೀಟಿಯಲ್ಲಿ ಯಾರೋ ‘ಬಿಪಿಡಿ’ ಅಂತ ಬರೆದು ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿರುತ್ತಾರೆ. ಇಷ್ಟರಲ್ಲಿ ಯಾವುದು ನಿಜ, ಯಾವುದು ಸುಳ್ಳು ಅಂತ ಮನೆಯವರು ಕೇಳಿದರೆ ತಪ್ಪೇನಿಲ್ಲ.

ಎಲ್ಲವೂ ನಿಜ ಇರಬಹುದು. ಅದು ಹೇಗೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬಿಪಿಡಿ ಅಂದರೆ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್. ಹತ್ತಿರದವರು ಬಿಟ್ಟು ಹೋಗುತ್ತಾರೆ ಅನ್ನೋ ಭಯ, ಗಂಟೆಗೊಂದು ಥರ ಆಗುವ ಮನಸ್ಸು, ತಡೆಯಲಾಗದ ಸಿಟ್ಟು, ಒಳಗೆಲ್ಲ ಖಾಲಿ ಖಾಲಿ, ಕೆಲವೊಮ್ಮೆ ತನಗೆ ತಾನೇ ಗಾಯ ಮಾಡಿಕೊಳ್ಳುವುದು. ಅಮೆರಿಕದ ಮನೋರೋಗಗಳ ಕೈಪಿಡಿ ಡಿಎಸ್‌ಎಂ ಪ್ರಕಾರ ಒಂಬತ್ತು ಲಕ್ಷಣಗಳಲ್ಲಿ ಐದಾದರೂ ಇರಬೇಕು. ಲೆಕ್ಕ ಹಾಕಿದರೆ 256 ಥರ ಜೋಡಣೆ ಸಾಧ್ಯ. ಇದೇ ಕಾಯಿಲೆಯ ಹೆಸರು ಹೊತ್ತ ಇಬ್ಬರು ರೋಗಿಗಳ ನಡುವೆ ಒಂದೇ ಒಂದು ಲಕ್ಷಣ ಸಾಮಾನ್ಯವಾಗಿರುವುದೂ ಸಾಧ್ಯ. ಗೊಂದಲ ಇಲ್ಲಿಂದಲೇ ಶುರು ಅಲ್ವಾ?

1938ರಲ್ಲಿ ನ್ಯೂಯಾರ್ಕಿನ ಮನೋವಿಶ್ಲೇಷಕ ಅಡಾಲ್ಫ್ ಸ್ಟರ್ನ್ ಇಂಥ ರೋಗಿಗಳ ಬಗ್ಗೆ ಬರೆದಾಗ, ಅವರ ಬಾಲ್ಯದಲ್ಲಿ ನಿರ್ಲಕ್ಷ್ಯ, ಕ್ರೌರ್ಯ ಇದ್ದದ್ದನ್ನು ಗುರುತಿಸಿದ್ದರು. ಆಮೇಲಿನ ಹಲವು ದಶಕ ಆ ಮಾತು ಬದಿಗೆ ಸರಿಯಿತು. 1967ರಲ್ಲಿ ಓಟೊ ಕರ್ನ್‌ಬರ್ಗ್ ಮನಸ್ಸಿನ ಒಳರಚನೆಯ ಕಡೆಯಿಂದ ವಿವರಿಸಿದರು, 1975ರಲ್ಲಿ ಜಾನ್ ಗಂಡರ್ಸನ್ ಲಕ್ಷಣಗಳನ್ನು ಪಟ್ಟಿ ಮಾಡಿದರು, 1980ರಲ್ಲಿ ಡಿಎಸ್‌ಎಂ ಮೂರನೇ ಆವೃತ್ತಿಯಲ್ಲಿ ಹೆಸರು ಅಧಿಕೃತವಾಯಿತು.

ಈ 1980 ಮುಖ್ಯವಾದ ವರ್ಷ. ಅದೇ ಪುಸ್ತಕದಲ್ಲಿ ದೊಡ್ಡ ಆಘಾತದ ನಂತರ ಕಾಡುವ ಕಾಯಿಲೆ ಪಿಟಿಎಸ್‌ಡಿ ಕೂಡ ಮೊದಲ ಸಲ ಜಾಗ ಪಡೆಯಿತು. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಪಾಡು ಅದಕ್ಕೆ ದೊಡ್ಡ ಕಾರಣ. ಆದರೆ ಎರಡನ್ನೂ ಬೇರೆ ಬೇರೆ ಕಡೆ ಇಟ್ಟರು. ಪಿಟಿಎಸ್‌ಡಿ ಮೊದಲನೇ ‘ಆಕ್ಸಿಸ್’ನಲ್ಲಿ, ಬಿಪಿಡಿ ಎರಡನೆಯದರಲ್ಲಿ. ಹೊರಗಿನಿಂದ ಬಿದ್ದ ಪೆಟ್ಟಿಗೆ ಒಂದು ಖಾನೆ, ಸ್ವಭಾವಕ್ಕೆ ಇನ್ನೊಂದು ಖಾನೆ. ಮಗುವಾಗಿದ್ದಾಗಿನಿಂದ ಪೆಟ್ಟು ತಿಂದೇ ಸ್ವಭಾವ ರೂಪುಗೊಂಡಿದ್ದರೆ ಅವರನ್ನು ಯಾವ ಖಾನೆಗೆ ಹಾಕಬೇಕು? ಪುಸ್ತಕದಲ್ಲಿ ಇದಕ್ಕೆ ಉತ್ತರ ಇರಲಿಲ್ಲ.

ಆ ಪ್ರಶ್ನೆಯನ್ನು ಜೋರಾಗಿ ಕೇಳಿದ್ದು 1989ರಲ್ಲಿ, ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ ಮತ್ತು ಸಂಗಡಿಗರು. ಬಿಪಿಡಿ ಇದ್ದವರನ್ನು ಕೂರಿಸಿಕೊಂಡು ಬಾಲ್ಯದ ಬಗ್ಗೆ ವಿವರವಾಗಿ ಕೇಳಿದರು. ನೂರಕ್ಕೆ 81 ಮಂದಿ ದೊಡ್ಡ ಪೆಟ್ಟುಗಳನ್ನು ಹೇಳಿಕೊಂಡರು. ಹೊಡೆತ, ಲೈಂಗಿಕ ದೌರ್ಜನ್ಯ, ಮನೆಯೊಳಗಿನ ಹಿಂಸೆಯನ್ನು ಕಣ್ಣಾರೆ ಕಂಡದ್ದು. 1992ರಲ್ಲಿ ಹರ್ಮನ್ ‘ಕಾಂಪ್ಲೆಕ್ಸ್ ಪಿಟಿಎಸ್‌ಡಿ’ ಅನ್ನುವ ಹೊಸ ಹೆಸರು ಮುಂದಿಟ್ಟರು. ವರ್ಷಗಟ್ಟಲೆ ತಪ್ಪಿಸಿಕೊಳ್ಳಲಾಗದ ಹಿಂಸೆಯಲ್ಲಿ ಬೆಳೆದವರ ಸಂಕಟವನ್ನು ಸ್ವಭಾವದ ದೋಷ ಅಂತ ಕರೆಯುವುದು ಸರಿಯೇ ಅನ್ನುವುದು ಅದರ ಹಿಂದಿದ್ದ ಪ್ರಶ್ನೆ. 1994ರ ಡಿಎಸ್‌ಎಂ ಅದನ್ನು ಪ್ರತ್ಯೇಕ ಕಾಯಿಲೆಯಾಗಿ ಸೇರಿಸಲಿಲ್ಲ.

ಬಾಸ್ಟನ್ ಹತ್ತಿರದ ಮೆಕ್ಲೀನ್ ಆಸ್ಪತ್ರೆಯಲ್ಲಿ ಮೇರಿ ಜನರೀನಿ ಇದೇ ಹೊತ್ತಿಗೆ ಇನ್ನೂ ದೊಡ್ಡ ಗುಂಪನ್ನು ನೋಡಿದರು. 1997ರಲ್ಲಿ ಪ್ರಕಟವಾದ ಲೆಕ್ಕದಲ್ಲಿ 358 ಒಳರೋಗಿಗಳಿದ್ದರು. ನೂರಕ್ಕೆ 91 ಮಂದಿ ಯಾವುದಾದರೂ ದೌರ್ಜನ್ಯ, 92 ಮಂದಿ ಯಾವುದಾದರೂ ನಿರ್ಲಕ್ಷ್ಯ ಹೇಳಿಕೊಂಡಿದ್ದರು. ನಿರ್ಲಕ್ಷ್ಯದ ಅಂಕಿ ದೌರ್ಜನ್ಯದಷ್ಟೇ ಇರುವುದನ್ನು ಗಮನಿಸಿ. ಅದು ಮೈಮೇಲೆ ಬಾಸುಂಡೆ ಬಿಡುವುದಿಲ್ಲ, ಹಾಗಾಗಿ ಯಾರೂ ಕೇಳುವುದೂ ಇಲ್ಲ. ಮರುವರ್ಷ ಅದೇ ತಂಡ ಜೊತೆಗಿರುವ ಕಾಯಿಲೆಗಳನ್ನು ಎಣಿಸಿತು. 379 ಬಿಪಿಡಿ ರೋಗಿಗಳಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ಬದುಕಿನ ಒಂದಲ್ಲ ಒಂದು ಹಂತದಲ್ಲಿ ಡಿಪ್ರೆಶನ್‌ನಂಥ ಮೂಡ್ ಕಾಯಿಲೆ ಬಂದಿತ್ತು. ನೂರಕ್ಕೆ 88 ಮಂದಿಗೆ ಆತಂಕದ ಕಾಯಿಲೆ, 64 ಮಂದಿಗೆ ಕುಡಿತ ಅಥವಾ ಡ್ರಗ್ಸ್, 53 ಮಂದಿಗೆ ಊಟದ ಸುತ್ತಲಿನ ಕಾಯಿಲೆ, 56 ಮಂದಿಗೆ ಪಿಟಿಎಸ್‌ಡಿ. ನಮ್ಮೂರಿನ ಪ್ಲಾಸ್ಟಿಕ್ ಕವರ್‌ನ ಕಥೆ ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಒಬ್ಬೊಬ್ಬ ಡಾಕ್ಟರ್ ಆ ಹೊತ್ತಿಗೆ ಮುಂದೆ ಕಂಡದ್ದನ್ನು ಬರೆದಿರುತ್ತಾರೆ.

ಹಾಗಾದರೆ ಬಾಲ್ಯದ ಆಘಾತವೇ ಬಿಪಿಡಿಗೆ ಕಾರಣವೇ? ಅಷ್ಟು ಸುಲಭ ಇಲ್ಲ. 1999ರಲ್ಲಿ ಇಟಲಿಯ ಆಂಡ್ರಿಯಾ ಫೊಸಾಟಿ ತಂಡ 21 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಬಾಲ್ಯದ ಲೈಂಗಿಕ ದೌರ್ಜನ್ಯಕ್ಕೂ ಬಿಪಿಡಿಗೂ ಇರುವ ನಂಟು ಮಧ್ಯಮ ಮಟ್ಟದ್ದು ಅಂತ ಕಂಡಿತು. ಅವಳಿ ಮಕ್ಕಳ ಅಧ್ಯಯನಗಳು ಹುಟ್ಟಿನಿಂದ ಬರುವ ಪಾಲೂ ಇದೆ ಎಂದವು. ಆಘಾತ ಕಂಡ ಬಹಳ ಮಂದಿಗೆ ಬಿಪಿಡಿ ಬರುವುದಿಲ್ಲ. ಬಿಪಿಡಿ ಇರುವ ಕೆಲವರ ಬಾಲ್ಯದಲ್ಲಿ ಅಂಥದ್ದೇನೂ ಸಿಗುವುದೂ ಇಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್ 1993ರಲ್ಲಿ ಹೇಳಿದ್ದು ಎರಡನ್ನೂ ಸೇರಿಸಿ: ಹುಟ್ಟಿನಿಂದಲೇ ಬೇಗ ನೋಯುವ ಮಗು, ಆ ನೋವನ್ನು ‘ಸುಮ್ನೆ ನಾಟಕ’ ಅಂತ ತಳ್ಳಿಹಾಕುವ ವಾತಾವರಣ. ಕೈ ಎತ್ತದ ಮನೆಯಲ್ಲೂ ಇದು ನಡೆಯಬಹುದು. ಹಾಗಂತ ಪ್ರತಿ ತಾಯಿ ತಂದೆಯನ್ನೂ ಕಟಕಟೆಗೆ ತರುವುದರಿಂದ ರೋಗಿಗೆ ಏನೂ ಲಾಭ ಇಲ್ಲ.

ನಮ್ಮ ಕಡೆ ಇದರ ಜೊತೆ ಇನ್ನೊಂದು ಪದರ ಸೇರುತ್ತದೆ. ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಯ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಗೆ, ತುಂಗಭದ್ರೆಯ ದಂಡೆಗೆ, ಗಾಳಿ ಸೋಕಿದೆ ಅಂತ ಜನರನ್ನು ಕರೆತರುವುದು ಬಹಳ ಹಳೆಯ ರೂಢಿ. ಅಮಾವಾಸ್ಯೆಗೆ ಜನ ಜಾಸ್ತಿ. ಅಲ್ಲಿಗೆ ಬರುವವರೆಲ್ಲ ಬಿಪಿಡಿ ಅಂತ ಹೇಳಿದರೆ ಅದು ಮೂರ್ಖತನ. ಆದರೆ ಮೈಮೇಲೆ ಎಚ್ಚರ ತಪ್ಪಿದಂತಾಗುವುದು, ತಾನು ತಾನಲ್ಲ ಅನಿಸುವುದು ಆಘಾತ ಕಂಡವರಲ್ಲಿ ಇರುತ್ತದೆ, ಬಿಪಿಡಿಯ ಒಂಬತ್ತು ಲಕ್ಷಣಗಳಲ್ಲೂ ಅದಕ್ಕೆ ಜಾಗ ಇದೆ. ಅಜ್ಜಯ್ಯನ ಬಳಿಗೆ ಹೋಗಿ ಬಂದು ಆಮೇಲೆ ಓಪಿಡಿಗೆ ಬರುವವರಿದ್ದಾರೆ, ಎರಡೂ ಕಡೆ ನಡೆದುಕೊಳ್ಳುವವರೂ ಇದ್ದಾರೆ.

ಸರ್ಕಾರಿ ವ್ಯವಸ್ಥೆಯ ಬೇರೂ ನಮ್ಮ ಪಕ್ಕದಲ್ಲೇ ಇದೆ. 1985ರ ಸುಮಾರಿಗೆ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯದ ಮಾದರಿ ಕಟ್ಟಿತು. 1996ರಲ್ಲಿ ಅದೇ ಮಾದರಿ ಇಡೀ ದೇಶದ ಕಾರ್ಯಕ್ರಮವಾಯಿತು. ಅದರ ಕಣ್ಣು ಇದ್ದದ್ದು ಮುಖ್ಯವಾಗಿ ತೀವ್ರ ಮನೋರೋಗ, ಮೂರ್ಛೆರೋಗದ ಮೇಲೆ. ಮಾತ್ರೆ ತಲುಪಿಸಿದರೆ ದೊಡ್ಡ ಫಲ ಸಿಗುವ ಕಾಯಿಲೆಗಳು ಅವು. ಬಿಪಿಡಿಗೆ ಅಂತಲೇ ಒಪ್ಪಿಗೆ ಪಡೆದ ಮಾತ್ರೆ ಇಲ್ಲ. ಮಾತ್ರೆಗಳು ಜೊತೆಗಿರುವ ಡಿಪ್ರೆಶನ್ನಿಗೆ, ನಿದ್ದೆಗೆ. ಮುಖ್ಯ ಚಿಕಿತ್ಸೆ ಮಾತಿನದು. ಲಿನೆಹನ್ 1991ರಲ್ಲಿ ಪ್ರಯೋಗದಿಂದ ತೋರಿಸಿದ ಮಾತಿನ ಚಿಕಿತ್ಸೆ ಡಿಬಿಟಿಯಲ್ಲಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ವಾರಕ್ಕೊಮ್ಮೆ ಥೆರಪಿ, ವಾರಕ್ಕೊಮ್ಮೆ ಗುಂಪಿನ ತರಗತಿ, ಹೆಚ್ಚುಕಡಿಮೆ ಒಂದು ವರ್ಷ. ಮೊಳಕಾಲ್ಮೂರಿನಿಂದ ಚಿತ್ರದುರ್ಗಕ್ಕೆ ವಾರಕ್ಕೆರಡು ಸಲ ಕೂಲಿ ಬಿಟ್ಟು ಬರಲು ಯಾರಿಗೆ ಆಗುತ್ತದೆ?

ಇನ್ನೊಂದು ತೊಡಕು ರೂಮಿನೊಳಗಿನದು. ನಮ್ಮಲ್ಲಿ ರೋಗಿ ಒಬ್ಬರೇ ಬರುವುದು ಕಡಿಮೆ. ಅಪ್ಪ, ಅಮ್ಮ, ಗಂಡ, ಅತ್ತೆ ಯಾರಾದರೂ ಪಕ್ಕದಲ್ಲಿ ಕೂತಿರುತ್ತಾರೆ, ಉತ್ತರವನ್ನೂ ಅವರೇ ಕೊಡುತ್ತಾರೆ. ಅವರ ಕಾಳಜಿ ಸುಳ್ಳಲ್ಲ. ಆದರೆ ‘ಚಿಕ್ಕವಳಿದ್ದಾಗ ಏನಾದರೂ ಆಗಿತ್ತಾ’ ಅನ್ನೋ ಪ್ರಶ್ನೆಗೆ ಆ ರೂಮಿನಲ್ಲಿ ‘ಇಲ್ಲ’ ಅನ್ನುವುದೇ ಸುಲಭದ ಉತ್ತರ. ಹೊರಗೆ ಐವತ್ತು ಜನ ಕಾಯುತ್ತಿರುವಾಗ ಡಾಕ್ಟರ್ ಅದನ್ನು ಹಾಗೇ ಬರೆದುಕೊಳ್ಳುತ್ತಾರೆ. ಹತ್ತು ನಿಮಿಷ ಮನೆಯವರನ್ನು ಹೊರಗೆ ಕೂರಿಸಿದರೆ ಚೀಟಿಯೇ ಬೇರೆ ಆಗಬಹುದಿತ್ತು. ಹದಿನೆಂಟು ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆ ಪೊಲೀಸರಿಗೆ ಮಾಹಿತಿ ಕೊಡುವುದನ್ನು ಕಡ್ಡಾಯ ಮಾಡಿದೆ. ಮಗುವಿನ ರಕ್ಷಣೆಗೆ ಅದು ಬೇಕೇ ಬೇಕು. ಪೊಲೀಸ್ ಸ್ಟೇಷನ್ ಅಂದ ಕೂಡಲೇ ಮನೆಯವರು ಬಾಯಿ ಮುಚ್ಚಿಕೊಳ್ಳುವುದೂ ಉಂಟು.

ಗಂಡುಮಕ್ಕಳದ್ದು ಇನ್ನೊಂದು ಪಾಡು. 2008ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಸಮೀಕ್ಷೆಯಲ್ಲಿ ಬಿಪಿಡಿ ಗಂಡು ಹೆಣ್ಣುಗಳಲ್ಲಿ ಹೆಚ್ಚುಕಮ್ಮಿ ಸಮನಾಗಿತ್ತು. ಆದರೂ ಬಿಪಿಡಿ ಅಂದರೆ ಹುಡುಗಿಯರ ಕಾಯಿಲೆ ಅನ್ನುವ ನಂಬಿಕೆ ಹೋಗಿಲ್ಲ. ಹುಡುಗರಾದರೆ ‘ಕುಡುಕ’, ‘ಸಿಡುಕ’ ಅನ್ನುವುದರಲ್ಲೇ ಮಾತು ಮುಗಿಯುತ್ತದೆ.

2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11, ಕಾಂಪ್ಲೆಕ್ಸ್ ಪಿಟಿಎಸ್‌ಡಿಗೆ ಜಾಗ ಕೊಟ್ಟಿತು. ಬಾರ್ಡರ್‌ಲೈನ್ ಅನ್ನೂ ಒಂದು ಮಾದರಿಯಾಗಿ ಉಳಿಸಿಕೊಂಡಿತು. ಆಘಾತದ ವಿಷಯ ತೆಗೆದರೆ ರೋಗಿ ಕುಸಿಯುತ್ತಾರೆ ಅನ್ನೋ ಹಳೆಯ ಹೆದರಿಕೆಯೂ ಸಡಿಲವಾಗುತ್ತಿದೆ. 2020ರಲ್ಲಿ ಜರ್ಮನಿಯ ಮಾರ್ಟಿನ್ ಬೋಹುಸ್ ತಂಡದ ಪ್ರಯೋಗದಲ್ಲಿ, ಬಾಲ್ಯದ ದೌರ್ಜನ್ಯ ಕಂಡ, ಬಾರ್ಡರ್‌ಲೈನ್ ಲಕ್ಷಣಗಳೂ ಇದ್ದ ಮಹಿಳೆಯರಿಗೆ ಎರಡನ್ನೂ ಒಟ್ಟಿಗೆ ನೋಡುವ ಚಿಕಿತ್ಸೆಯಿಂದ ಗುಣ ಕಂಡಿತು.

ಜನರೀನಿ ತಂಡ 290 ರೋಗಿಗಳನ್ನು ಹತ್ತು ವರ್ಷ ಹಿಂಬಾಲಿಸಿತು. ನೂರಕ್ಕೆ 93 ಮಂದಿಯಲ್ಲಿ ಕನಿಷ್ಠ ಎರಡು ವರ್ಷ ಕಾಯಿಲೆ ಇಳಿದಿತ್ತು. ಕೆಲಸ, ಸಂಬಂಧ ಎರಡೂ ಕೈಗೆ ಹತ್ತಿದವರು ಅರ್ಧದಷ್ಟು. ಕುಡಿತ, ಡ್ರಗ್ಸ್ ಇಲ್ಲದವರು ಬೇಗ ಚೇತರಿಸಿಕೊಂಡರು. ಈ ವಿಷಯದಲ್ಲಿ ಪಿಟಿಎಸ್‌ಡಿಗಿಂತ ನಶೆಯೇ ದೊಡ್ಡ ಅಡ್ಡಿಯಾಗಿ ಕಂಡಿತ್ತು. ಡಿಪ್ರೆಶನ್, ಕುಡಿತ ಎರಡಕ್ಕೂ ಬೇರೆ ಬೇರೆ ಕಡೆ ಓಡಾಡುತ್ತಿರುವವರು ಎಲ್ಲ ಚೀಟಿಗಳನ್ನೂ ಒಬ್ಬ ಡಾಕ್ಟರ್ ಮುಂದೆ ಇಡುವುದು ಒಳ್ಳೆಯದು. ತುರ್ತು ಇದ್ದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.