ತಪಸ್ಸು ಕಾಲದ ಟಿಪ್ಪಣಿ: ಜೀತದ ಸಾಲ ನಾವು ತೀರಿಸಬೇಕಾ?

ಪ್ರತಿ ವರ್ಷ ತಪಸ್ಸು ಕಾಲದಲ್ಲಿ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಲ್ಲಿ, ನಮ್ಮ ಧರ್ಮಕೇಂದ್ರದ ಗುಂಪು ಒಂದು ವಿಷಯ ಹಿಡಿದು ಓದುತ್ತದೆ. ಈ ಸಲದ್ದು ಆಧುನಿಕ ಗುಲಾಮಗಿರಿ, ಮತ್ತು ಅದಕ್ಕೆ ಚರ್ಚು ಏನು ಮಾಡಬಹುದು ಅನ್ನುವುದು. ನಾನು ಎಡವಿದ್ದು ಮುಖ್ಯವಾಗಿ ಒಂದೇ ಕಡೆ. ಮರೆಯುವ ಮುಂಚೆ ಅದನ್ನೇ ಬರೆದಿಡುತ್ತಿದ್ದೇನೆ. ಬೂದಿ ಬುಧವಾರ, ಉಪವಾಸ, ನಲವತ್ತು ದಿನದ ಲೆಕ್ಕ ಎಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಟ್ಟಿದ್ದೇನೆ.

ಪದದ ವಿಷಯ

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ಜೊತೆಗಾರ ಸಂಸ್ಥೆಗಳು 2022ರಲ್ಲಿ ಕೊಟ್ಟ ಅಂದಾಜು ಹೀಗಿದೆ: 2021ರಲ್ಲಿ ಯಾವುದೇ ಒಂದು ದಿನ ತೆಗೆದುಕೊಂಡರೂ ಜಗತ್ತಿನಲ್ಲಿ ಸುಮಾರು 5 ಕೋಟಿ ಜನ ಆಧುನಿಕ ಗುಲಾಮಗಿರಿಯಲ್ಲಿದ್ದರು. ಸುಮಾರು 2.8 ಕೋಟಿ ಜನರದ್ದು ಬಲವಂತದ ದುಡಿಮೆ. ಸುಮಾರು 2.2 ಕೋಟಿ ಜನರದ್ದು ಬಲವಂತದ ಮದುವೆ.

‘ಆಧುನಿಕ ಗುಲಾಮಗಿರಿ’ ಅಂದರೆ ಎಲ್ಲೋ ದೂರದ ಮಾತು ಅನಿಸುತ್ತದೆ. ‘ಜೀತ’ ಅನ್ನಿ, ‘ಬಿಟ್ಟಿ ಚಾಕರಿ’ ಅನ್ನಿ, ಅಜ್ಜಿಗೂ ಅರ್ಥವಾಗುತ್ತದೆ. ಸಂವಿಧಾನದ 23ನೇ ವಿಧಿ ತಡೆದಿರುವುದು ಇದನ್ನೇ. ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುವ ಶಿಲುಬೆ ಹಾದಿ ಪ್ರಾರ್ಥನೆಯ ಐದನೇ ಸ್ಥಳದಲ್ಲಿ ಸಿರೇನಿನ ಸಿಮೋನ ಬರುತ್ತಾನಲ್ಲ, ಅವನೇನು ತಾನಾಗಿ ಬಂದು ಶಿಲುಬೆ ಹೊರಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದವನನ್ನು ಸೈನಿಕರು ಹಿಡಿದು ಹೊರಿಸಿದರು. ಅದು ಬಿಟ್ಟಿ. ಇಷ್ಟು ವರ್ಷ ಅವನನ್ನು ‘ಸಹಾಯ ಮಾಡಿದವನು’ ಅಂತಷ್ಟೇ ಓದುತ್ತಿದ್ದೆ.

ಮುಂಗಡ ಕೊಟ್ಟರೆ ಜೀತವಾ?

ನಮ್ಮ ಕಡೆ ಮುಂಗಡ ಇಲ್ಲದೆ ಕೆಲಸವೇ ನಡೆಯುವುದಿಲ್ಲ. ಅಡಿಕೆ ಕೊನೆಗಾರನಿಗೂ ಮುಂಗಡ, ಇಟ್ಟಿಗೆ ಭಟ್ಟಿಗೂ ಮುಂಗಡ. ಹಾಗಾದರೆ ಎಲ್ಲರೂ ತಪ್ಪಿತಸ್ಥರಾ ಅಂತ ಮೊದಲ ದಿನವೇ ಜಗಳವಾಯಿತು.

ಮುಂಗಡ ಒಂದೇ ಇದ್ದರೆ ಜೀತ ಅಲ್ಲ. ಅದರ ಬದಲಿಗೆ ಏನನ್ನು ಕಿತ್ತುಕೊಂಡರು ಅಂತ ನೋಡಬೇಕು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ನಾಲ್ಕು ಸಂಗತಿ ಹೇಳುತ್ತದೆ. ಕೂಲಿ ಇಲ್ಲದೆ ಅಥವಾ ಹೆಸರಿಗಷ್ಟೇ ಕೂಲಿಗೆ ದುಡಿಯುವುದು. ಬೇರೆ ಕೆಲಸಕ್ಕೆ ಹೋಗುವ ಹಾಗಿಲ್ಲದಿರುವುದು. ಬೇಕಾದ ಕಡೆ ಓಡಾಡುವ ಹಾಗಿಲ್ಲದಿರುವುದು. ತಾನು ಬೆಳೆದದ್ದನ್ನು ಪೇಟೆ ಬೆಲೆಗೆ ಮಾರುವ ಹಾಗಿಲ್ಲದಿರುವುದು.

ಇಲ್ಲೇ ನಾನು ಎಡವಿದೆ. ನಾಲ್ಕೂ ಇದ್ದರೆ ಮಾತ್ರ ಜೀತ ಅಂದುಕೊಂಡು ‘ಅವರಿಗೆ ಕೂಲಿ ಕೊಡ್ತಾರಲ್ಲ, ಮತ್ತೆ ಜೀತ ಹೇಗೆ?’ ಅಂತ ಗುಂಪಿನಲ್ಲಿ ಗಟ್ಟಿಯಾಗಿ ವಾದಿಸಿದೆ. ಕಾಯ್ದೆಯಲ್ಲಿ ಒಂದೊಂದರ ನಡುವೆ ಇರುವುದು ‘ಮತ್ತು’ ಅಲ್ಲ, ‘ಅಥವಾ’. ಒಂದಿದ್ದರೆ ಸಾಕು. ‘ಹೆಸರಿಗಷ್ಟೇ ಕೂಲಿ’ ಅಂದರೂ ಐದು ಹತ್ತು ರೂಪಾಯಿ ಅಂತಲ್ಲ, ಸರ್ಕಾರ ಗೊತ್ತು ಮಾಡಿದ ಕನಿಷ್ಠ ಕೂಲಿಗಿಂತ ಕಮ್ಮಿ ಅಂತ.

ತಲೆಗೆ ಹೋಗಲಿ ಅಂತ ನಾನೇ ಒಂದು ಲೆಕ್ಕ ಹಾಕಿಕೊಂಡೆ. ಶುಂಠಿ ಹೊಲಕ್ಕೆ ಹೊರಗಿನಿಂದ ಒಂದು ಸಂಸಾರ ಬಂದಿದೆ ಅಂತಿಟ್ಟುಕೊಳ್ಳಿ. ಮೇಸ್ತ್ರಿ ಕೈಯಿಂದ 40,000 ರೂಪಾಯಿ ಮುಂಗಡ. ಹೊಲದ ಅಂಚಿನಲ್ಲೇ ತಗಡಿನ ಶೆಡ್ಡು. ವಾರಕ್ಕೊಮ್ಮೆ ಬಟವಾಡೆ ಅಂತ ಹೆಸರು, ಕೈಗೆ ಬರುವುದು ಸಂತೆ ಖರ್ಚಿಗೆ 500. ಉಳಿದದ್ದು ‘ಲೆಕ್ಕದಲ್ಲಿದೆ’. ಆ ಲೆಕ್ಕದ ಪುಸ್ತಕ ಮೇಸ್ತ್ರಿ ಅಂಗಿ ಜೇಬಿನಲ್ಲಿದೆ. ಮೂರು ತಿಂಗಳಾದ ಮೇಲೆ ಗಂಡ ಊರಲ್ಲಿ ತಂಗಿ ಮದುವೆ ಅನ್ನುತ್ತಾನೆ. ‘ಹೋಗು, ಹೆಂಡತಿ ಮಕ್ಕಳು ಇಲ್ಲೇ ಇರಲಿ’ ಅನ್ನುತ್ತಾನೆ ಮೇಸ್ತ್ರಿ. ಯಾರೂ ಹೊಡೆದಿಲ್ಲ, ಬೈದೂ ಇಲ್ಲ. ಆದರೂ ಆ ಒಂದು ಮಾತಿಗೆ ಇದು ಜೀತ.

‘ಸಂಕೋಲೆ ಎಲ್ಲಿದೆ?’ ಅಂತ ಕೇಳುವವರಿಗೆ ಸುಪ್ರೀಂ ಕೋರ್ಟು 1982ರಲ್ಲೇ ಉತ್ತರ ಕೊಟ್ಟಿದೆ. ದೆಹಲಿಯ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾಮಗಾರಿಯ ಕಾರ್ಮಿಕರ ಕೇಸು ಅದು. ಹಸಿವೂ ಬಲವಂತವೇ ಅಂತ ಕೋರ್ಟು ಹೇಳಿತು. ಇನ್ನೊಂದು ವಿಷಯ: ಇದು ಜೀತದ ಸಾಲ ಅಲ್ಲ ಅಂತ ಸಾಬೀತು ಮಾಡಬೇಕಾದವನು ಸಾಲ ಕೊಟ್ಟವನು. ಆಳಿನ ಹತ್ತಿರ ಒಂದು ಚೀಟಿಯೂ ಇಲ್ಲದಿದ್ದರೆ ಕತೆ ಮುಗೀತು ಅಂದುಕೊಳ್ಳಬೇಡಿ.

ಆ 40,000 ಕಟ್ಟಿ ಬಿಡಿಸಿಬಿಡೋಣ ಅಂದರೆ?

ನಮ್ಮೆಲ್ಲರಿಗೂ ಮೊದಲು ಹೊಳೆದದ್ದು ಇದೇ. ಉಪವಾಸದಲ್ಲಿ ಉಳಿಸಿದ ದುಡ್ಡು ಡಬ್ಬಿಯಲ್ಲಿ ಒಟ್ಟು ಮಾಡುವುದು, ಮಾಲೀಕನಿಗೆ ಕೊಡುವುದು, ಸಂಸಾರವನ್ನು ಬಿಡಿಸಿಕೊಂಡು ಬರುವುದು. ಧರ್ಮೋಪದೇಶದಲ್ಲಿ ಕಲಿತದ್ದೂ ಹಾಗೇ ಅಲ್ವಾ, ಯೇಸು ಬೆಲೆ ಕೊಟ್ಟು ನಮ್ಮನ್ನು ಬಿಡಿಸಿದರು ಅಂತ. ಸೆರೆ ಸಿಕ್ಕವರನ್ನು ಹಣ ಕೊಟ್ಟು ಬಿಡಿಸುವುದಕ್ಕೆಂದೇ 1218ರಲ್ಲಿ ಬಾರ್ಸಿಲೋನಾದಲ್ಲಿ ಒಂದು ಸನ್ಯಾಸಿ ಸಭೆಯೇ ಶುರುವಾಗಿತ್ತು.

ಆದರೆ ಇಲ್ಲಿ ಹಾಗೆ ಮಾಡಬಾರದು. ಕಾಯ್ದೆ ಬಂದ ಗಳಿಗೆಯಿಂದಲೇ ಜೀತದ ಸಾಲ ಸತ್ತುಹೋಗಿದೆ. ಸತ್ತ ಸಾಲಕ್ಕೆ ದುಡ್ಡು ತೆಗೆದುಕೊಳ್ಳುವುದೇ ಅಪರಾಧ, ಮೂರು ವರ್ಷದವರೆಗೂ ಜೈಲು. ನಾವು ಕಟ್ಟಿದರೆ ಇಲ್ಲದ ಸಾಲವನ್ನು ಇದೆ ಅಂತ ಒಪ್ಪಿದ ಹಾಗೆ. ಮೇಸ್ತ್ರಿ ಅದೇ 40,000 ಹಿಡಿದು ಇನ್ನೊಂದು ಸಂಸಾರ ತರುತ್ತಾನೆ.

ಇದು ನನ್ನ ತಲೆಗೆ ಇಳಿಯಲು ಎರಡು ವಾರ ಬೇಕಾಯಿತು. ಇಳಿದದ್ದು ಬೈಬಲಿನ ಒಂದು ಪುಸ್ತಕದ ಹೆಸರಿನಿಂದ. ನಮ್ಮ ಕನ್ನಡ ಬೈಬಲಿನಲ್ಲಿ ಎರಡನೇ ಪುಸ್ತಕದ ಹೆಸರೇ ವಿಮೋಚನಕಾಂಡ. ಅಲ್ಲಿ ಇಸ್ರಯೇಲರನ್ನು ಗುಲಾಮರಾಗಿ ದುಡಿಸುತ್ತಿದ್ದ ಈಜಿಪ್ಟಿನ ರಾಜ ಫರೋಹನಿಗೆ ದೇವರು ಎಷ್ಟು ಕಟ್ಟಿದರು? ಒಂದು ಕಾಸೂ ಇಲ್ಲ. ಇಸ್ರಯೇಲರೇ ಹೊರಡುವಾಗ ಈಜಿಪ್ಟಿನವರಿಂದ ಬೆಳ್ಳಿ ಬಂಗಾರ ಕೇಳಿ ಪಡೆದು ಹೊರಟರು. ಧರ್ಮೋಪದೇಶಕಾಂಡ 15ನೇ ಅಧ್ಯಾಯವೂ ಹಾಗೇ: ಏಳನೇ ವರ್ಷ ಆಳನ್ನು ಬಿಡುವಾಗ ಬರಿಗೈಲಿ ಕಳಿಸಬೇಡ, ಕುರಿ, ಕಣದ ಕಾಳು, ದ್ರಾಕ್ಷಾರಸ ಕೊಟ್ಟು ಕಳಿಸು. ದುಡ್ಡು ಹೋಗಬೇಕಾದ್ದು ಬಿಡುಗಡೆಯಾದವನ ಕೈಗೆ.

ಸಂತ ಬಖೀತಾ ಕತೆಯೂ ಇಲ್ಲಿಗೆ ಕೂರುತ್ತದೆ. ಸುಡಾನಿನಲ್ಲಿ ಚಿಕ್ಕ ಹುಡುಗಿಯಾಗಿದ್ದಾಗ ಕದ್ದೊಯ್ದು, ಮತ್ತೆ ಮತ್ತೆ ಮಾರಿದರು. ಕೊನೆಗೆ ಇಟಲಿಗೆ ಬಂದರು. 1889ರಲ್ಲಿ ಅಲ್ಲಿನ ಕೋರ್ಟು, ನಮ್ಮ ಕಾನೂನಿನಲ್ಲಿ ಗುಲಾಮಗಿರಿಯೇ ಇಲ್ಲ, ಆದ್ದರಿಂದ ಈಕೆ ಸ್ವತಂತ್ರಳು ಅಂದಿತು. ಬಿಡಿಸುವ ಬೆಲೆಯ ಮಾತೇ ಬರಲಿಲ್ಲ. ಫೆಬ್ರವರಿ 8 ಅವರ ಹಬ್ಬ. 2015ರಿಂದ ಅಂದು ಮಾನವ ಸಾಗಣೆ ವಿರುದ್ಧ ಪ್ರಾರ್ಥನೆ ಇರುತ್ತದೆ. ಎಷ್ಟೋ ವರ್ಷ ಬೂದಿ ಬುಧವಾರಕ್ಕೆ ಸ್ವಲ್ಪ ಮುಂಚೆಯೇ ಬರುತ್ತದೆ, ಶುರು ಮಾಡಲು ಒಳ್ಳೆ ದಿನ.

ಹಾಗಾದರೆ ಡಬ್ಬಿ ದುಡ್ಡು ಎಲ್ಲಿಗೆ?

ಮೊದಲು ದೂರಿನ ಮಾತು: ಜೀತ ಕಂಡರೆ ಜಿಲ್ಲಾಧಿಕಾರಿಗೆ ಅಥವಾ ಉಪವಿಭಾಗಾಧಿಕಾರಿಗೆ ಬರೆದು ಕೊಡಬೇಕು. ನಮ್ಮ ಜಿಲ್ಲೆಯಲ್ಲಿ ಶಿವಮೊಗ್ಗ, ಸಾಗರ ಎರಡು ಉಪವಿಭಾಗ. ಮಕ್ಕಳಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನು. ನಾವೇ ಹೊಲಕ್ಕೆ ನುಗ್ಗಿ ಫೋಟೋ ತೆಗೆಯುವುದು ಬೇಡ, ರಾತ್ರೋರಾತ್ರಿ ಸಂಸಾರವನ್ನೇ ಸಾಗಿಸಿಬಿಟ್ಟರೆ ಮುಗೀತು. ವಿಚಾರಣೆಯಾಗಿ ಬಿಡುಗಡೆ ಪತ್ರ ಬಂದ ಮೇಲೆ ಸರ್ಕಾರದ ತಕ್ಷಣದ ನೆರವು 30,000 ರೂಪಾಯಿವರೆಗೆ ಇದೆ. ಪೂರ್ತಿ ಪುನರ್ವಸತಿಗೆ ಗಂಡಸರಿಗೆ 1 ಲಕ್ಷ, ಹೆಂಗಸರು ಮಕ್ಕಳಿಗೆ 2 ಲಕ್ಷ, ತೀರಾ ಕ್ರೂರ ಪ್ರಕರಣಗಳಲ್ಲಿ 3 ಲಕ್ಷ.

ಆ ದುಡ್ಡು ಇವತ್ತು ಕೇಳಿದರೆ ನಾಳೆ ಬರುವಂಥದ್ದಲ್ಲ. ನಡುವಿನ ದಿನಗಳಿಗೆ ಅಕ್ಕಿ ಬೇಕು, ಬಸ್ ಚಾರ್ಜು ಬೇಕು, ಬಾಡಿಗೆ ಕೋಣೆ ಬೇಕು. ಆಧಾರ್, ಬ್ಯಾಂಕ್ ಖಾತೆ ಮಾಡಿಸಲು ಜೊತೆಗೆ ಓಡಾಡುವವರು ಬೇಕು. ಡಬ್ಬಿ ದುಡ್ಡು ಇಲ್ಲಿಗೆ.

ಇನ್ನೊಂದು, ಸ್ವಲ್ಪ ಮುಜುಗರದ್ದು. ಹಿಂದೆ ಒಂದು ಚರ್ಚಿನ ಹಾಲ್ ಕಟ್ಟುವಾಗ ನಾನೂ ಸಮಿತಿಯಲ್ಲಿದ್ದೆ. ಸಿಮೆಂಟು ಚೀಲ ಎಣಿಸಿದೆವು, ಕಬ್ಬಿಣ ತೂಗಿಸಿದೆವು. ಶೆಡ್ಡಿನಲ್ಲಿ ಮಲಗುತ್ತಿದ್ದ ಆಳುಗಳಿಗೆ ಬಟವಾಡೆ ಸರಿಯಾಗಿ ಆಗುತ್ತಿದೆಯಾ ಅಂತ ಒಬ್ಬರೂ ಕೇಳಲಿಲ್ಲ. ಈಗ ನಮ್ಮಲ್ಲಿ ಕಾಂಪೌಂಡ್ ಕೆಲಸ ಶುರುವಾಗುತ್ತಿದೆ. ಗುತ್ತಿಗೆ ಕಾಗದದಲ್ಲಿ ಕೂಲಿ ದರ, ವಾರದ ಬಟವಾಡೆ ಎರಡನ್ನೂ ಬರೆಸಬೇಕು ಅಂತ ಫಾದರ್ ಹತ್ತಿರ ಹೇಳಿದ್ದೇನೆ. ‘ಒಂದು ಕರಡು ತಗೊಂಡು ಬಾ’ ಅಂದಿದ್ದಾರೆ. ಯಾರಿಗಾದರೂ ಅಂಥ ಕಾಗದ ಬರೆದು ಅಭ್ಯಾಸ ಇದ್ದರೆ ಶುಕ್ರವಾರ ಶಿಲುಬೆ ಹಾದಿ ಮುಗಿದ ಮೇಲೆ ಸಿಗಿ.