ಇಲಿಗೆ ಔಷಧ ಕೊಟ್ಟದ್ದು ಯಾವಾಗ?

ಆ್ಯಂಟಿಆಕ್ಸಿಡೆಂಟ್ ಒಂದು ಇಲಿಯನ್ನು ಪಾರ್ಕಿನ್ಸನ್ ಕಾಯಿಲೆಯಿಂದ ಕಾಪಾಡಿತು ಎನ್ನುವ ವರದಿ ಕೈಗೆ ಬಂದರೆ ನಾನು ಮೊದಲು ಎರಡು ದಿನಾಂಕ ಹುಡುಕುತ್ತೇನೆ. ವಿಷ ಕೊಟ್ಟದ್ದು ಯಾವತ್ತು? ಔಷಧ ಶುರು ಮಾಡಿದ್ದು ಯಾವತ್ತು?

ಇಲಿಗಳಿಗೆ ಈ ಕಾಯಿಲೆ ತಾನಾಗಿ ಬರುವುದಿಲ್ಲ, ನಾವೇ ತರಿಸಬೇಕು. ಅದಕ್ಕೆ ಜಾಸ್ತಿ ಬಳಸುವ ವಿಷ ಎಂಪಿಟಿಪಿ. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಕಲಿ ಮಾದಕವಸ್ತು ಚುಚ್ಚಿಕೊಂಡ ಕೆಲವರು ಇದ್ದಕ್ಕಿದ್ದಂತೆ ಪಾರ್ಕಿನ್ಸನ್ ರೋಗಿಗಳ ಹಾಗೆ ಕೈಕಾಲು ಸೆಟೆದು ಅಲುಗಾಡಲಾಗದೆ ಹೋದರು. ಅದರಲ್ಲಿ ಬೆರೆತಿದ್ದದ್ದು ಇದೇ ಎಂಪಿಟಿಪಿ.

ಎಂಪಿಟಿಪಿಯನ್ನು ಮಿದುಳಿನ ಎಂಎಒ-ಬಿ ಎಂಬ ಕಿಣ್ವ ಎಂಪಿಪಿ ಪ್ಲಸ್ ಆಗಿ ಬದಲಿಸುತ್ತದೆ. ನಿಜವಾದ ವಿಷ ಅದು. ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕ ತಯಾರಿಸುವ ಮಿದುಳಿನ ಕೋಶದೊಳಗೆ ಸೇರಿ, ಅದಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಕೆಲಸ ನಿಲ್ಲಿಸುತ್ತದೆ. ಆಗ ಹುಟ್ಟುವ, ಕೋಶವನ್ನು ಹಾಳುಮಾಡುವ ಫ್ರೀ ರ‍್ಯಾಡಿಕಲ್‌ಗಳನ್ನು ಆ್ಯಂಟಿಆಕ್ಸಿಡೆಂಟ್ ಹಿಡಿದಿಟ್ಟರೆ ಕೋಶ ಉಳಿಯಬಹುದು ಎನ್ನುವುದು ನಮ್ಮ ಆಸೆ.

ಇಲ್ಲೇ ಎಡವುವುದು. ನಾವು ಕೊಟ್ಟ ವಸ್ತು ಆ ಕಿಣ್ವವನ್ನೇ ತಡೆದರೆ? ಆಗ ವಿಷವೇ ತಯಾರಾಗುವುದಿಲ್ಲ. ಕೋಶ ಉಳಿಯುತ್ತದೆ, ತಿರುಗುವ ಕೋಲಿನ ಮೇಲೆ ಇಲಿ ಬೀಳದೆ ನಡೆಯುತ್ತದೆ, ರಕ್ಷಣೆ ಸಿಕ್ಕಿತು ಅಂತ ನಾವು ಬರೆದುಬಿಡುತ್ತೇವೆ. ಆದರೆ ರೋಗಿಯ ಮಿದುಳಿನಲ್ಲಿ ಎಂಪಿಟಿಪಿ ಎಲ್ಲಿದೆ? ಆದ್ದರಿಂದ ಎಂಪಿಟಿಪಿ ಇಂಜೆಕ್ಷನ್ ಕೊಟ್ಟ ಒಂದೆರಡು ಗಂಟೆಯೊಳಗೆ ಕೆಲವು ಇಲಿಗಳ ಮಿದುಳಿನಲ್ಲಿ ಡೋಪಮಿನ್ ತಲುಪುವ ಭಾಗವಾದ ಸ್ಟ್ರಯೇಟಮ್‌ನಲ್ಲಿ ಎಂಪಿಪಿ ಪ್ಲಸ್ ಎಷ್ಟಿದೆ ಎಂದು ಅಳೆಯಲೇಬೇಕು. ಔಷಧ ಪಡೆದ ಗುಂಪಿನಲ್ಲೂ ಪಡೆಯದ ಗುಂಪಿನಲ್ಲೂ ಅದು ಒಂದೇ ಮಟ್ಟದಲ್ಲಿರಬೇಕು. ನನ್ನ ಮೊದಲ ಪ್ರಯೋಗದಲ್ಲಿ ನಾನಿದನ್ನು ಅಳೆದಿರಲಿಲ್ಲ. ಎಲ್ಲವನ್ನೂ ಮತ್ತೆ ಮಾಡಬೇಕಾಯಿತು. ಅಷ್ಟೊಂದು ಜೀವಗಳು ಸುಮ್ನೆ ಹೋದವಲ್ಲ ಎಂಬ ನೋವು ಇನ್ನೂ ಇದೆ.

ಇನ್ನು ಆ ದಿನಾಂಕಗಳು. ಎಷ್ಟೋ ಪ್ರಯೋಗಗಳಲ್ಲಿ ವಿಷಕ್ಕಿಂತ ಮೊದಲೇ ಔಷಧ ಶುರುವಾಗಿರುತ್ತದೆ. ಕೈ ನಡುಗುತ್ತಿದೆ ಎಂದು ರೋಗಿ ವೈದ್ಯರ ಬಳಿ ಬರುವ ಹೊತ್ತಿಗೆ ಡೋಪಮಿನ್ ಕೋಶಗಳ ದೊಡ್ಡ ಪಾಲು ಸತ್ತಾಗಿದೆ. ಎರಡೂ ಒಂದೇ ಹೇಗಾಗುತ್ತದೆ ಹೇಳಿ? ಡೇಟಾಟಾಪ್ ಎಂಬ ಅಧ್ಯಯನದಲ್ಲಿ 800 ರೋಗಿಗಳಿದ್ದರು. ಅವರಲ್ಲಿ ವಿಟಮಿನ್ ಇ ಎಂಬ ಆ್ಯಂಟಿಆಕ್ಸಿಡೆಂಟ್ ಪಡೆದ ಗುಂಪಿನವರು ದಿನಕ್ಕೆ 2000 ಯೂನಿಟ್ ತೆಗೆದುಕೊಂಡರು. 1993ರಲ್ಲಿ ಫಲಿತಾಂಶ ಬಂದಾಗ ವಿಟಮಿನ್ ಇ ಇಂದ ಪ್ರಯೋಜನ ಕಾಣಲಿಲ್ಲ. ಕೋಎನ್‌ಜೈಮ್ ಕ್ಯೂ10 ಎಂಬ ಇನ್ನೊಂದು ಆ್ಯಂಟಿಆಕ್ಸಿಡೆಂಟ್ ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿತ್ತು. 600 ರೋಗಿಗಳಲ್ಲಿ, ದಿನಕ್ಕೆ 2400 ಮಿಲಿಗ್ರಾಂವರೆಗೂ ಕೊಟ್ಟು ನೋಡಿದರೂ ಕಾಯಿಲೆ ನಿಧಾನವಾಗಲಿಲ್ಲ.

ನಮ್ಮ ಲ್ಯಾಬಿನಲ್ಲಿ ಈಗ ವಿಷದ ಕೊನೆಯ ಇಂಜೆಕ್ಷನ್ ಆದ ಮೇಲೆಯೇ ಔಷಧ ಶುರು. ಯಾವ ಇಲಿ ಯಾವ ಗುಂಪಿನದು ಎಂದು ಕೋಶ ಎಣಿಸುವವರಿಗೆ ಹೇಳುವುದಿಲ್ಲ. ಹೀಗೆ ಮಾಡಿದಾಗ ಮೊದಲು ಭರವಸೆ ಹುಟ್ಟಿಸಿದ್ದ ಹಲವು ವಸ್ತುಗಳು ಬಿದ್ದುಹೋಗುತ್ತವೆ. ಉಳಿದ ಒಂದೆರಡರ ಮೇಲೆ ನಮ್ಮ ಕೆಲಸ ನಡೆದಿದೆ.